ಬೀಗದ ಬೀದಿಯ ಆರದ ಒಲೆಗಳು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರತ್ತೆ ಪುಟ್ಟನಂಜಮ್ಮ. ಊಟ ಮುಗಿದ ಮೇಲೆ ಒಲೆಯ ಕೆಂಡವನ್ನು ಒಟ್ಟುಮಾಡಿ, ಮೇಲೆ ಬೂದಿ ಮುಚ್ಚಿ, ಕೈಮುಗಿದು, ಆಮೇಲೆ ಕಥೆಗೆ ಕೂರುತ್ತಿದ್ದರು. ಬೆಳಿಗ್ಗೆ ಆ ಬೂದಿ ಕೆದಕಿ ಊದಿದರೆ ಮತ್ತೆ ಬೆಂಕಿ. ಅವರು ಬೆಂಕಿಕಡ್ಡಿ ಗೀರಿದ್ದನ್ನು ನಾನು ಕಂಡದ್ದೇ ಇಲ್ಲ. ಈಗ ನಮ್ಮಲ್ಲೂ ಗ್ಯಾಸಿನ ಒಲೆ. ಆದರೂ ಬೂದಿಯ ಆ ಬೆಚ್ಚನೆಯ ವಾಸನೆ ನೆನಪಾದಾಗಲೆಲ್ಲ ಕಥೆಯೂ ನೆನಪಾಗುತ್ತದೆ. ಕೇಳಿ ಮಕ್ಕಳೇ.

ಬೆಳ್ಳಿಗಡ ಅಂತ ಒಂದು ರಾಜ್ಯ. ಅಲ್ಲಿ ಗಾಣದ ಮಂಚಮ್ಮ ಅಂತ ಒಬ್ಬಳಿದ್ದಳು. ಎಣ್ಣೆ ಮಾರಿ ಉಳಿಸಿದ್ದನ್ನು ಅವಳು ಒಡವೆಗೆ ಹಾಕಲಿಲ್ಲ, ಮನೆಗೆ ಹಾಕಿದಳು. ಊರವರಿಂದಲೂ ಕೈಲಾದಷ್ಟು ಸೇರಿಸಿಕೊಂಡು ಜಾಗ ಕೊಳ್ಳುವಳು, ಸೂರು ಹೊದಿಸುವಳು, ಬಡವರ ಕೈಗೆಟುಕುವ ಬಾಡಿಗೆಗೆ ಕೊಡುವಳು. ಬಂದ ಬಾಡಿಗೆಯಲ್ಲಿ ದುಡ್ಡು ಹಾಕಿದವರಿಗೆ ಒಂದಿಷ್ಟು, ಮುಂದಿನ ಮನೆಗೆ ಒಂದಿಷ್ಟು.

ಅದೇ ಊರಲ್ಲಿ ಸಾಹುಕಾರ ದುಗ್ಗಪ್ಪ. ಅವನೂ ಜಾಗ ಕೊಳ್ಳುವವನೇ. ಕೊಳ್ಳುವನು, ಮನೆ ಕಟ್ಟಿಸುವನು, ಬೀಗ ಹಾಕಿ ಬೆಲೆ ಏರಲಿ ಅಂತ ಕಾಯುವನು. ಒಂದು ಬೀದಿಗೆ ಬೀದಿಯೇ ಬೀಗವಾಯಿತು. ಮಂಚಮ್ಮನಿಗೂ ಜಾಗ ಸಿಗದಾಯಿತು. ಕುಂಬಾರರು, ಮೇದರು, ನೇಕಾರರು ಆಲದ ಮರದಡಿ ಬಿದ್ದರು. ಕುಂಬಾರ ಹೊನ್ನಯ್ಯನ ಮಗಳು ಚಿಕ್ಕತಾಯಿ ತುಂಬು ಗರ್ಭಿಣಿ. ಮಳೆಗಾಲ ಹತ್ತಿರ.

ಹೊನ್ನಯ್ಯ ದುಗ್ಗಪ್ಪನ ಹತ್ತಿರ ಹೋಗಿ ಕೇಳಿದ, “ಸ್ವಾಮಿ, ಮಗಳ ಬಾಣಂತನಕ್ಕೆ ಒಂದು ಮೂಲೆ ಕೊಡಿ.”

“ಬೆಲೆ ಏರೋ ಹೊತ್ತಲ್ಲಿ ಬಾಗಿಲು ತೆಗೀತಾರೇನಯ್ಯ? ಸ್ವಲ್ಪ ತಾಳು ಅಂತ ಆ ಮಗೂಗೆ ಹೇಳು!”

ಅಷ್ಟರಲ್ಲಿ ದೂರದೇಶದ ವರ್ತಕರು ಬಂದು ಇಡೀ ಬೀದಿಯನ್ನೇ ಕೊಳ್ಳುತ್ತೇವೆಂದರು. “ಆದರೆ ಹಾಲುಕ್ಕಿಸದ ಮನೆ ನಮಗೆ ಬೇಡ.” ಹಾಲುಕ್ಕಿಸಿದ ಸಂಸಾರ ಆ ರಾತ್ರಿ ಅಲ್ಲೇ ಉಂಡು ಮಲಗಬೇಕು, ಅದು ಪದ್ಧತಿ. ದುಗ್ಗಪ್ಪ ಒಂಟಿ. ಜಿಪುಣತನಕ್ಕೆ ಊಟವೂ ದಿನಾ ಮಠದ ದಾಸೋಹದಲ್ಲೇ. ಮನೆಯಲ್ಲಿ ಒಲೆ ಹಚ್ಚಿದವನೇ ಅಲ್ಲ. ಬೇರೆ ದಾರಿಯಿಲ್ಲದೆ ಮಂಚಮ್ಮನ ಹತ್ತಿರ ಬಂದ.

“ಮರದಡಿಯ ಸಂಸಾರಗಳನ್ನ ಮನೆಗೊಂದರಂತೆ ಕಳಿಸ್ತೀನಿ,” ಎಂದಳು ಮಂಚಮ್ಮ.

“ಒಂದೇ ರಾತ್ರಿ ಕಣಮ್ಮ!”

“ಒಲೆ ಆರಿದ ಮೇಲೆ ಅವರು ಒಂದು ಗಳಿಗೆಯೂ ನಿಲ್ಲಲ್ಲ. ಒಲೆಯಲ್ಲಿ ಬೆಂಕಿ ಇರೋ ಮನೆಯಿಂದ ಯಾರನ್ನೂ ಎಬ್ಬಿಸಬಾರದು ಅನ್ನೋ ರಾಜಾಜ್ಞೆ ಗೊತ್ತಲ್ಲ?”

“ಗೊತ್ತು, ಗೊತ್ತು. ಬೆಳಗಿನವರೆಗೂ ಯಾವ ಒಲೇಲಿ ಬೆಂಕಿ ಇರುತ್ತೆ!” ದುಗ್ಗಪ್ಪ ಹೊಟ್ಟೆ ಹಿಡಿದು ನಕ್ಕ.

ಬೀಗಗಳು ತೆರೆದವು. ಹಾಲು ಉಕ್ಕಿತು. ಮಾರನೆಯ ಬೆಳಿಗ್ಗೆ ದುಗ್ಗಪ್ಪ ಬಂದ. ಮನೆಮನೆಯ ಮೇಲೂ ಹೊಗೆ. ಮಧ್ಯಾಹ್ನ ಬಂದ. ಮುದ್ದೆ ಬೇಯುತ್ತಿತ್ತು. ಎಲ್ಲರ ಊಟ ಮುಗಿದ ಮೇಲೆ ಮತ್ತೆ ಬಂದು ಹೊನ್ನಯ್ಯನ ಒಲೆಗೆ ಬಗ್ಗಿ ನೋಡಿದ. ಬರೀ ಬೂದಿ!

“ಆರಿತು! ಆರಿತು!” ಎಂದು ಕುಣಿಯುತ್ತ ಹೋಗಿ ರಾಜನನ್ನೇ ಕರೆತಂದ.

ರಾಜ ಒಲೆಯ ಮುಂದೆ ಕೂತ. ಚಿಕ್ಕತಾಯಿ ಕಷ್ಟಪಟ್ಟು ಬಗ್ಗಿ, ಕಡ್ಡಿಯಿಂದ ಬೂದಿ ಸರಿಸಿ, ಉಫ್ ಎಂದು ಊದಿದಳು. ಕೆಂಡ ಕೆಂಪಗೆ ಕಣ್ಣು ಬಿಟ್ಟಿತು.

“ಇದು ಮಾಟ, ಪ್ರಭು!”

“ಮಾಟ ಅಲ್ಲ ಕಣಪ್ಪ, ಸಂಸಾರ,” ಎಂದಳು ಅಲ್ಲೇ ನಿಂತಿದ್ದ ಮಂಚಮ್ಮ. “ಒಂದು ದಿನವಾದರೂ ಒಲೆ ಹಚ್ಚಿದ್ದರೆ ನಿನಗೂ ಗೊತ್ತಿರೋದು.”

ರಾಜನಿಗೆ ನಗು ತಡೆಯಲಿಲ್ಲ. “ಸಾಹುಕಾರ, ನೀನು ಹಾಕಿದ ಖರ್ಚನ್ನು ಮಂಚಮ್ಮ ಬಾಡಿಗೆಯಲ್ಲಿ ತೀರಿಸಲಿ. ಅದಕ್ಕಿಂತ ಹೆಚ್ಚು ಕೇಳಬೇಡ. ಈ ಒಲೆಗಳನ್ನು ಆರಿಸುವ ಅಧಿಕಾರ ನನಗೂ ಇಲ್ಲ.”

ವರ್ತಕರು ಬಂದ ದಾರಿ ಹಿಡಿದರು. ಆ ವಾರವೇ ಮಳೆ ಹಿಡಿಯಿತು. ಸೂರಿನ ಕೆಳಗೆ ಚಿಕ್ಕತಾಯಿಯ ಮಗು ಅತ್ತಿತು. ಬಾಣಂತಿಗೆ ನೀರು ಕಾದದ್ದು ಅದೇ ಕೆಂಡದಲ್ಲಿ. ಕೊನೆಗೊಂದು ದಿನ ದುಗ್ಗಪ್ಪನೂ ಒಂದು ಕೆಂಡ ಕೇಳಿ ಒಯ್ದನಂತೆ. ಇದನ್ನು ಹೇಳುವಾಗ ಅತ್ತೆ ನಗುತ್ತಿದ್ದರು.

ಮನೆ ಬಚ್ಚಿಡುವ ಒಡವೆಯಲ್ಲ. ಮನೆಗೆ ದುಡ್ಡು ಹಾಕುವವರು ಹಾಕಲಿ, ನ್ಯಾಯವಾದ ಲಾಭವನ್ನೂ ಪಡೆಯಲಿ. ಆದರೆ ಇನ್ನೊಬ್ಬರ ಸೂರಿಗೆ ಬೀಗ ಹಾಕಿ ಗಳಿಸಿದ್ದನ್ನು ಭಗವಂತ ಮೆಚ್ಚುವುದಿಲ್ಲ.

ಆಗೆಲ್ಲ ನೆರೆಮನೆಯವರು ಕೆಂಡ ಕೇಳಿಕೊಂಡು ಬರುತ್ತಿದ್ದರು. ಅತ್ತೆ ಯಾರಿಗೂ ಇಲ್ಲ ಎಂದವರಲ್ಲ. ಆ ಕಾಲ ಹೋಯಿತು, ಅತ್ತೆಯೂ ಹೋದರು. ಈ ಕಥೆಯನ್ನು ಕೇಳಿಕೊಂಡು ಯಾರಾದರೂ ಬಂದರೆ, ನೀವೂ ಇಲ್ಲ ಅನ್ನಬೇಡಿ.