ಹೊರಮೂಲೆಯ ಅಂಚು

ಗುರುಪಾದನೆಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ:

"ನಾನು ಸುಳ್ಳಾಡುವವನಲ್ಲ. ಯಾರ ಮೇಲೂ ಇಲ್ಲದ್ದನ್ನು ಹೊರಿಸಿದವನಲ್ಲ. ತಪ್ಪು ಕಂಡರೆ ತಪ್ಪು ಎನ್ನುತ್ತೇನೆ, ಅಷ್ಟೆ. ಆದರೂ ನಾನು ಬಂದು ಕೂತರೆ ಜನ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಸತ್ಯವೆಂದರೆ ಜನರಿಗೆ ಅಷ್ಟು ಭಯವೇ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಟೈಲ್ಸ್ ಕೂರಿಸುವ ಒಬ್ಬ ಮೇಸ್ತ್ರಿ ಇದ್ದ. ಅವನು ಹೆಸರು ಮಾಡಿದ್ದು ಮೂಲೆಗಳ ಕೆಲಸದಲ್ಲಿ. ಗೋಡೆ ಒಳಕ್ಕೆ ತಿರುಗುವ ಮೂಲೆಯನ್ನು ಯಾರು ಬೇಕಾದರೂ ಮುಚ್ಚಬಹುದು. ಗೋಡೆ ಹೊರಕ್ಕೆ ತಿರುಗುವ ಕಡೆ ಟೈಲ್ಸಿನ ಹೊಳಪಿಲ್ಲದ ಒರಟು ಅಂಚು ಎದ್ದು ಕಾಣುತ್ತದೆ. ಬೇರೆ ಕೆಲಸಗಾರರು ಅಲ್ಲೊಂದು ದುಂಡನೆಯ ಪಟ್ಟಿ ಕೂರಿಸಿ ಕೈತೊಳೆದುಕೊಳ್ಳುತ್ತಿದ್ದರು. ಈ ಮೇಸ್ತ್ರಿ ಪಟ್ಟಿಯನ್ನು ಮುಟ್ಟುತ್ತಿರಲಿಲ್ಲ. ಎರಡೂ ಟೈಲ್ಸಿನ ಅಂಚನ್ನು ಹಿಂಬದಿಯಿಂದ ಓರೆಯಾಗಿ ಕೊಯ್ದು, ಅಂಚಿಗೆ ಅಂಚು ತಾಗಿಸಿ ನಿಲ್ಲಿಸುತ್ತಿದ್ದ. ನಡುವೆ ಕೂದಲೆಳೆಯ ಗೆರೆಯಷ್ಟೇ ಉಳಿಯುತ್ತಿತ್ತು.

"ಪಟ್ಟಿ ಹಾಕುವುದು ಕೈ ಬಾರದವರ ಕೆಲಸ" ಎನ್ನುತ್ತಿದ್ದ.

ಒಬ್ಬ ವ್ಯಾಪಾರಿ ತನ್ನ ಮನೆಯ ಬಚ್ಚಲನ್ನು ಅವನಿಂದಲೇ ಹೊಸದಾಗಿ ಮಾಡಿಸಿದ. ನೀರಿನ ಕೊಳವೆಗಳನ್ನು ಒಳಗಿಟ್ಟು ಕಟ್ಟಿದ ಒಂದು ಕಂಬ ಬಾಗಿಲ ಪಕ್ಕದಲ್ಲೇ ಹೊರಚಾಚಿಕೊಂಡಿತ್ತು. ಮೇಸ್ತ್ರಿ ಅದರ ಮೂಲೆಯನ್ನು ತನ್ನ ರೀತಿಯಲ್ಲೇ ಮುಗಿಸಿದ. ಬಂದವರೆಲ್ಲ ಬಚ್ಚಲಿಗೆ ಹೋಗಿ ಅದನ್ನು ನೋಡಿ ಬರುತ್ತಿದ್ದರು.

ಕೆಲವು ತಿಂಗಳ ಮೇಲೆ ಮೇಸ್ತ್ರಿ ಒಬ್ಬ ಹೊಸ ಗಿರಾಕಿಗೆ ಆ ಕೆಲಸ ತೋರಿಸಲೆಂದು ಅಲ್ಲಿಗೆ ಕರೆದುಕೊಂಡು ಬಂದ. ಬಚ್ಚಲ ಬಾಗಿಲು ತೆರೆದ. ಅವನ ಮೂಲೆ ಕಾಣಲಿಲ್ಲ. ಒಂದು ಹಳೆಯ ಟವೆಲನ್ನು ಕಂಬಕ್ಕೆ ಸುತ್ತಿ ಹಗ್ಗದಿಂದ ಬಿಗಿದು ಕಟ್ಟಿದ್ದರು.

"ಇದನ್ನು ಯಾರು ಕಟ್ಟಿದ್ದು?" ಎಂದ. ದನಿ ಏರಿತ್ತು.

ದನಿ ಕೇಳಿ ವ್ಯಾಪಾರಿಯ ಹೆಂಡತಿ ಬಂದಳು. "ನಮ್ಮ ಅತ್ತೆಗೆ ಕಣ್ಣು ಮಂಜು. ಗೋಡೆ ತಡವಿಕೊಂಡು ನಡೆಯುತ್ತಾರೆ. ಆ ಅಂಚು ಮುಂಗೈಯನ್ನು ಸೀಳಿತು. ಸಕ್ಕರೆ ಕಾಯಿಲೆಯ ಮೈ, ಗಾಯ ಒಣಗಲಿಲ್ಲ. ಕೈ ತೆಗೆಯಬೇಕಾದೀತು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹೇಗೋ ಉಳಿಯಿತು. ಈಗ ಬಚ್ಚಲಿಗೇ ಬರುವುದಿಲ್ಲ. ಹಿತ್ತಲಿನಲ್ಲಿ ಮರೆ ಕಟ್ಟಿಸಿಕೊಂಡು ಸ್ನಾನ ಮಾಡುತ್ತಾರೆ."

ಗಿರಾಕಿ ಪಕ್ಕದಲ್ಲೇ ನಿಂತಿದ್ದ. ಮೇಸ್ತ್ರಿ ಎಂದ: "ನೋಡಿಕೊಂಡು ನಡೆದರೆ ಯಾರಿಗೂ ತಾಗುವುದಿಲ್ಲ. ನನ್ನ ಕೆಲಸದಲ್ಲಿ ಒಂದು ಎಳೆಯಷ್ಟು ತಪ್ಪು ಇದ್ದರೆ ತೋರಿಸಿ."

ಹಿತ್ತಲ ಬಾಗಿಲಲ್ಲಿ ಕೂತಿದ್ದ ಮುದುಕಿಗೆ ಈ ಮಾತು ಕೇಳಿಸಿತು. ಅವಳು ಅಲ್ಲಿಂದಲೇ ಹೇಳಿದಳು: "ಇಲ್ಲಪ್ಪ, ನಿನ್ನದೇನೂ ತಪ್ಪಿಲ್ಲ. ಮೂಲೆ ಚೆನ್ನಾಗಿದೆಯಂತೆ, ಎಲ್ಲರೂ ಹೇಳುತ್ತಾರೆ. ನಾನೇ ಆ ಕಡೆ ಹೋಗಬಾರದಿತ್ತು."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತನ್ನದೇ ತಪ್ಪೆಂದು ಅವಳು ನಂಬಿದ್ದಳು. ಬೈದಿದ್ದರೆ ಮೇಸ್ತ್ರಿ ಎದುರಾಡಬಹುದಿತ್ತು. ಗಿರಾಕಿಯನ್ನು ಕರೆದುಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಒಬ್ಬನೇ ಬಂದ. ಹಗ್ಗ ಬಿಚ್ಚಿ ಟವೆಲನ್ನು ತೆಗೆದ. ಕಣ್ಣು ಮುಚ್ಚಿ ತನ್ನ ಮುಂಗೈಯನ್ನು ಅಂಚಿನ ಮೇಲೆ ಎಳೆದ. ಚರ್ಮದ ಮೇಲೆ ಕೆಂಪು ಗೀರೆದ್ದಿತು. ಅಷ್ಟು ಮನೆಗಳಲ್ಲಿ ಅಷ್ಟು ಮೂಲೆ ಕೂರಿಸಿದ್ದರೂ ಅವನು ಅವುಗಳನ್ನು ಕಣ್ಣಿನಿಂದ ನೋಡಿದ್ದನೇ ಹೊರತು ಮೈಯಿಂದ ತಿಳಿದಿರಲಿಲ್ಲ.

ಸಾಣೆಕಲ್ಲನ್ನು ನೀರಲ್ಲಿ ಅದ್ದಿ ಉಜ್ಜತೊಡಗಿದ. ಮೇಲಿನ ಹೊಳಪು ಹೋಯಿತು. ಕೂದಲೆಳೆಯ ಗೆರೆ ಹೋಗಿ, ಅದರ ಜಾಗದಲ್ಲಿ ಮಾಸಲು ಬಿಳಿಯ ಪಟ್ಟೆ ಮೇಲಿನಿಂದ ಕೆಳಗಿನ ತನಕ ಎದ್ದು ನಿಂತಿತು. ವ್ಯಾಪಾರಿ ಬಂದು ನೋಡಿ, "ಅಯ್ಯೋ, ಇದ್ದದ್ದನ್ನೂ ಕೆಡಿಸಿಬಿಟ್ಟೆಯಲ್ಲ!" ಎಂದ. ಮೇಸ್ತ್ರಿ ತಲೆ ಎತ್ತದೆ ಉಜ್ಜಿದ. ಆಮೇಲೆ ಮುದುಕಿಯ ಹತ್ತಿರ ಹೋಗಿ ಕೈ ಹಿಡಿದು ಕರೆತಂದ.

"ಮುಟ್ಟಿ ನೋಡವ್ವ."

ಅವಳು ಮೊದಲು ಹಿಂಜರಿದಳು. ಬೆರಳ ತುದಿ ಇಟ್ಟಳು. ಆಮೇಲೆ ಅಂಗೈ. ಮೇಲಿನಿಂದ ಕೆಳಗೆ ಸವರಿದಳು. "ಇನ್ನು ನಾನು ಇಲ್ಲಿಗೆ ಬರಬಹುದು" ಎಂದಳು. ಸೊಸೆಯನ್ನು ಕರೆದು ಬಿಸಿನೀರು ತೋಡಿಡಲು ಹೇಳಿದಳು.

ಹೊಸ ಗಿರಾಕಿ ತನ್ನ ಮನೆಯ ಕೆಲಸವನ್ನು ಬೇರೊಬ್ಬನಿಗೆ ಕೊಟ್ಟ. ಮೇಸ್ತ್ರಿಯ ಕೈ ಕೆಟ್ಟಿದೆಯೆಂದು ಊರಲ್ಲಿ ಕೆಲವರು ಆಡಿಕೊಂಡರು. ಅವನಿಗೆ ನೋವಾಯಿತು, ಆದರೆ ಹಳೆಯ ರೀತಿಗೆ ಹಿಂದಿರುಗಲಿಲ್ಲ. ಅಂದಿನಿಂದ ಯಾವ ಮನೆಯಲ್ಲಿ ಮೂಲೆ ಮುಗಿಸಿದರೂ, ಕಣ್ಣು ಮುಚ್ಚಿ ಕೈಯಾಡಿಸಿದ ಮೇಲೆಯೇ ಕೆಲಸ ಮುಗಿಯಿತೆನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಸತ್ಯವನ್ನು ಮೊಂಡು ಮಾಡಿ ಹೇಳಬೇಕೆನ್ನುತ್ತೀರಾ?" ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿ ಹೇಳಿದರು: "ಅಂಚಿನ ಹರಿತ ಹೋದ ಮೇಲೂ ಗೋಡೆ ಇದ್ದಲ್ಲೇ ಇತ್ತಲ್ಲಪ್ಪ."