ಸೀಟು ಎಲ್ಲಿ ಬೆಸೆಯಲಿ?

ಶಾಲೆ ಬಿಟ್ಟು ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ನಾಗರ ಅಮಾವಾಸ್ಯೆಯ ದಿನ. ಎಲ್ಲೂ ಹೆಚ್ಚು ದಿನ ನಿಲ್ಲದೆ ಊರೂರು ಅಲೆದು, ಗಾಡಿ ರಿಪೇರಿ ಕಲಿತು, ಕಡೆಗೆ ಗಂಗಾವತಿಯ ಪಂಪಣ್ಣ ಸಾಹುಕಾರರ ಗ್ಯಾರೇಜು ಸೇರಿದೆ. ಅವರು ಬಂಡೆ ಹತ್ತುವ ಟ್ರಯಲ್ಸ್ ಬೈಕು ತರಿಸಿದ್ದರು. ಅದನ್ನು ನಿಂತೇ ಓಡಿಸಬೇಕು, ಅದಕ್ಕೆ ಸೀಟೇ ಇರುವುದಿಲ್ಲ.

“ನನ್ನ ಬುಲೆಟ್ಟಿಗೆ ಸೋಫಾದಂಥ ಸೀಟೈತಿ. ಇದಕ್ಕೂ ಹಾಕು. ಇಲ್ಲಾ, ನಿನ್ನ ಪಾನಾ-ಸ್ಪ್ಯಾನರ್ ಪೆಟ್ಟಿಗೆ ಇಲ್ಲೇ ಬಿಟ್ಟು ನಡಿ,” ಎಂದರು.

ಸೀಟು ಬೆಸೆದರೆ ಬಂಡೆಯ ಮೇಲೆ ಮೈ ತೂಗಿಸಲು ಜಾಗವಿಲ್ಲ, ಗಾಡಿ ಕೆಟ್ಟಂತೆಯೇ. ಹೇಳಿದರೆ ಅವರು ಕೇಳುವವರಲ್ಲ. ಅದಕ್ಕೇ ಅವರ ಪ್ಯಾಂಟಿನ ಹಿಂಭಾಗಕ್ಕೆ ಹಸಿ ಸುಣ್ಣ ಬಳಿದೆ.

“ಒಮ್ಮೆ ಬಂಡೆ ಹತ್ತಿ ಬರ್ರಿ ಧಣಿ. ಸುಣ್ಣ ಎಲ್ಲಿ ಮೆತ್ತತೈತೋ ಅಲ್ಲೇ ಸೀಟು ಬೆಸೀತೀನಿ.”

ಗಾಡಿ ಬಂಡೆ ಏರತೊಡಗಿತು. ಸಾಹುಕಾರರು ನಿಂತೇ ಹ್ಯಾಂಡಲಿಗೆ ಜೋತುಬಿದ್ದರು. ಅರ್ಧಕ್ಕೆ ಜಾರಿ ದೊಪ್ಪನೆ ಬಂಡೆಯ ಮೇಲೆ ಕೂತರು. ಗಾಡಿಗೆ ಒಂದು ಚುಕ್ಕೆ ಸುಣ್ಣವಿಲ್ಲ, ಬಂಡೆಯೆಲ್ಲ ಬೆಳ್ಳಗೆ.

“ಇಲ್ಲೇ ಬೆಸೀಲೇನ್ರಿ?” ಎಂದು ಬಂಡೆ ತೋರಿಸಿದೆ.

ಅವರು ತಿರುಗಿ ಬಂಡೆಯ ಮೇಲಿನ ಬಿಳಿ ಗುರುತು ನೋಡಿದರು. ಆಮೇಲೆ ನಕ್ಕರು. “ಗಾಡಿ ಇದ್ಹಂಗ ಇರ್ಲಿ. ನೀನೂ ಇಲ್ಲೇ ಇದ್ದುಬಿಡೋ. ನಿನಗೊಂದು ಖುರ್ಚಿ ಹಾಕಸ್ತೀನಿ.”

ಖುರ್ಚಿ ಎಂದೊಡನೆ, ದಾರಿ ಕರೆದಂತೆ, ನನ್ನ ಅಂಗಾಲು ತುರಿಸಿತು.

“ಕೆಲವು ಗಾಡಿಗೆ ಸೀಟು ಒಗ್ಗೂದಿಲ್ರಿ ಧಣಿ,” ಎಂದು ಪಾನಾಗಳನ್ನು ಒರೆಸಿ ಪೆಟ್ಟಿಗೆಗೆ ತುಂಬತೊಡಗಿದೆ.