ಕಾಲು ತೊಳೆಯದ ನದಿ

ಉತ್ತರ ಧ್ರುವದ ಹತ್ತಿರ ಒಂದು ನದಿ ಚಳಿಗಾಲದ ಹೆಪ್ಪು ಒಡೆದುಕೊಂಡು, ಮೈತುಂಬ ಕೆಸರು ಹೊತ್ತು, ಕಡಲಿಗೆ ಓಡಿಬಂತು. ಕಡಲಿನ ಬಾಗಿಲಿಗೆ ಮಂಜುಗಡ್ಡೆ ಇನ್ನೂ ಅಡ್ಡ ಮಲಗಿತ್ತು.

"ಏಳು, ದಾರಿ ಬಿಡು! ಒಳಗೆ ಮೀನುಗಳು ಹಸಿದಿವೆ!" ಎಂದಿತು ನದಿ.

"ಕಾಲು ತೊಳೆದು ಬಾ," ಎಂದಿತು ಮಂಜುಗಡ್ಡೆ. "ಇದು ಮರ್ಯಾದಸ್ಥರ ಮನೆ."

"ಇದು ಕಾಲಿಗೆ ಮೆತ್ತಿದ್ದಲ್ಲ ಮಾರಾಯ, ಮಡಿಲಲ್ಲಿ ಕಟ್ಟಿ ತಂದ ಬುತ್ತಿ! ಬೆಟ್ಟಬೆಟ್ಟ ಸುತ್ತಿ ಕೂಡಿಸಿದ್ದೇನೆ. ಬರಿಗೈಲಿ ಹೋಗಲೇನು?"

"ಹಾಗಾದರೆ ಹೊರಗೇ ಇರು."

ನಿಂತರೆ ಬುತ್ತಿಯೆಲ್ಲ ತಳ ಸೇರುತ್ತದೆ. ನದಿ ನಿಲ್ಲಲಿಲ್ಲ. ಮಂಜುಗಡ್ಡೆಯ ಬೆನ್ನ ಮೇಲೆಯೇ ಹತ್ತಿ ಹರಿಯಿತು.

"ಛೀ, ಛೀ! ನನ್ನ ಬಿಳುಪೆಲ್ಲ ಹೋಯಿತು!"

ಹೋಯಿತು, ನಿಜ. ಅದುವರೆಗೆ ಬಿಳುಪಿಗೆ ತಾಗಿ ಹಿಂದಿರುಗುತ್ತಿದ್ದ ಬಿಸಿಲು ಈಗ ಕಪ್ಪು ಕೆಸರಿಗೆ ಅಂಟಿಕೊಂಡು ಕೂತಿತು. ಮಂಜುಗಡ್ಡೆಯ ಬೆನ್ನು ಬಿಸಿಯಾಯಿತು, ಬಿರುಕು ಬಿಟ್ಟಿತು, ತೂತು ಬಿತ್ತು. ನದಿ "ಬಂದೆ, ಬಂದೆ!" ಎಂದು ಕೂಗುತ್ತ, ಸುಳಿ ಸುತ್ತುತ್ತ ಒಳಕ್ಕೆ ಧುಮುಕಿತು.

ಮೀನುಗಳು ಕೆಸರಿಗೆ ಮುತ್ತಿದವು. ಪಕ್ಕದಲ್ಲೇ ಕರಗಿ ಬಿದ್ದಿದ್ದ ಮಂಜುಗಡ್ಡೆಯ ತಿಳಿನೀರನ್ನು ಯಾರೂ ಮೂಸಿಯೂ ನೋಡಲಿಲ್ಲ.